ಮಾಳ ಹೊರಟಿದೆ

ಸಿಲ್ವೆಸ್ಟರನ ಬಸ್ಸು ಬಂದು ನಿಂತದ್ದು ಸರಿಯಾಗಿ ನನ್ನ ಮೆಣಸಿನ ಚಾಪೆಯ ಪಕ್ಕಕ್ಕೆ. ನಿಂತದ್ದು ಹೋಗಲಿ, ಬ್ರೇಕು ಹಾಕಿದ ರಭಸಕ್ಕೆ ಮೇಲೆ ಹೊದೆಸಿದ್ದ ಟಾರ್ಪಾಲಿನಿಂದ ಒಂದು ಕೊಡದಷ್ಟು ನೀರು ಸುರ್ರೆಂದು ಇಳಿದು ಚಾಪೆಯ ತುಂಬಾ ಹರಡಿತು. ಒಳ್ಳೆಯ ಬಿಸಿಲಿಗೆ ಗರಿಗರಿಯಾಗಿದ್ದ ಮೆಣಸು ನೀರಿನಲ್ಲಿ ತೇಲಿತು. ನನಗೆ ಮೈಯೆಲ್ಲ ಉರಿಯಿತು.

"ಎಂತ ಮಾರಾಯ, ಬಸ್ಸಿಗೆ ಸ್ನಾನ ಮಾಡಿಸಿಕೊಂಡು ಬಂದದ್ದಾ? ನೀರು ಚೆಲ್ಲಲಿಕ್ಕೆ ನಿನಗೆ ಬೇರೆ ಜಾಗ ಸಿಗಲಿಲ್ವಾ?"

"ಬಸ್ಸು ನನ್ನದಲ್ಲ ಬರ್ತಾಬಾಯಿ, ಮಾಲಕರದ್ದು. ಬೈಯುವುದಾದರೆ ಅವರಿಗೆ ಬೈಯಿರಿ," ಎಂದು ಸಿಲ್ವೆಸ್ಟರ್ ಹಲ್ಲು ಕಿಸಿದ.

ಸಿಲ್ವೆಸ್ಟರ್ ಆ ಬಸ್ಸಿನ ಕಂಡಕ್ಟರ್. ಘಟ್ಟದ ಬುಡದ ಮಾಳದಿಂದ ಬೆಳಿಗ್ಗೆ ಹೊರಟು ಕಾರ್ಕಳ, ಉಡುಪಿ ದಾಟಿ ಕಲ್ಯಾಣಪುರದ ಹೊಳೆಬದಿಯಲ್ಲಿ ನಮ್ಮ ಚಾದ ಅಂಗಡಿಯ ಎದುರು ಅದರ ಓಟ ಮುಗಿಯುತ್ತಿತ್ತು. ನಾನು ಹೇಳುತ್ತಿರುವುದು ಐವತ್ತೆಂಟನೆಯ ಇಸವಿಯ ಮಾತು. ಆಗ ಊರಿಂದೂರಿಗೆ ಔಷಧಿಯ ಬಾಟ್ಲಿ, ಹೊಲಿದ ರವಿಕೆ, ಸಾವಿನ ಸುದ್ದಿ ಎಲ್ಲವೂ ಹೋಗುತ್ತಿದ್ದದ್ದು ಕಂಡಕ್ಟರನ ಕೈಯಲ್ಲಿ ಅಥವಾ ಬಾಯಿಯಲ್ಲಿ. ಸಿಲ್ವೆಸ್ಟರನ ಕೈಯಲ್ಲಿ ಕೊಟ್ಟದ್ದು ಸರಿಯಾಗಿ ತಲುಪುತ್ತಿತ್ತು. ಬಾಯಿಯಲ್ಲಿ ಕೊಟ್ಟದ್ದರ ಕತೆ ಮಾತ್ರ ದೇವರಿಗೇ ಪ್ರೀತಿ. ಒಮ್ಮೆ ಶಿರ್ವದಿಂದ ನನ್ನ ನಾದಿನಿಯ ಮನೆಯವರು 'ದನ ಕರು ಹಾಕಿತು' ಎಂದು ಹೇಳಿ ಕಳುಹಿಸಿದರೆ, ಇವನು ಬಂದು 'ಕೂಡಲೇ ಬರಬೇಕೆಂದು ಕರೆದರು' ಎಂದ. ನಾವು ಯಾರಿಗೋ ಏನೋ ಆಯಿತೆಂದು ಅಳುತ್ತಾ ಹೋದರೆ ಅಲ್ಲಿ ಗಿಣ್ಣು ಬಡಿಸಿದರು.

"ಬೈಗುಳ ಆಮೇಲೆ. ನಿಮಗೆ ಒಂದು ಸುದ್ದಿ ಉಂಟು," ಎಂದ ಅವನು. "ಮಾಳದಲ್ಲಿ ಶೇಖರಣ್ಣ ಸಿಕ್ಕಿದ್ದರು. ಬಸ್ಸು ಹೊರಟಾಗಿತ್ತು, ಹಿಂದಿನಿಂದ ಓಡಿ ಬಂದು ಬಾಗಿಲಿಗೆ ಬಡಿದು ಹೇಳಿದರು. ಮಾಲು ಹೊರಟಿದೆಯಂತೆ, ಕಟ್ಟದವರಿಗೆ ಕೂಡಲೇ ತಿಳಿಸಬೇಕಂತೆ."

ಇದನ್ನು ಕೇಳಿದ್ದೇ ಮೆಣಸಿನ ಸಿಟ್ಟು ಮರೆತು ಹೋಯಿತು. ಬೆಳಿಗ್ಗೆಯಿಂದ ಊರಿಗೆ ಊರೇ ಕಾಯುತ್ತಿದ್ದದ್ದು ಆ ಮಾಲಿಗೆ.

ಕಟ್ಟ ಎಂದರೆ ಎಂತ ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಸ್ವರ್ಣಾ ಹೊಳೆಗೆ ಕಡಲಿನ ಭರತ, ಅಂದರೆ ಉಬ್ಬರದ ನೀರು, ಏರುತ್ತದೆ. ಮಳೆಗಾಲದಲ್ಲಿ ಹೊಳೆಗೆ ಬಲ ಉಂಟು, ಉಪ್ಪುನೀರನ್ನು ಒಳಗೆ ಬಿಡುವುದಿಲ್ಲ. ಮಳೆ ಹಿಂದಾದ ಮೇಲೆ ಕಡಲಿನದ್ದೇ ಕಾರುಬಾರು. ಉಪ್ಪು ಗದ್ದೆಗೆ ನುಗ್ಗಿತೋ, ಸುಗ್ಗಿಯ ಬೆಳೆ ಸುಟ್ಟಿತು. ಹಾಗಾಗಿ ದೀಪಾವಳಿಗೆ ಮುಂಚೆ ಊರವರೆಲ್ಲ ಸೇರಿ, ನಮ್ಮ ದಡಕ್ಕೂ ಹೊಳೆಯ ನಡುಗಡ್ಡೆಯಾದ ಕುದ್ರುವಿಗೂ ಮಧ್ಯೆ ಹರಿಯುವ ಕವಲಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕುತ್ತಾರೆ. ಎರಡು ಸಾಲು ಗೂಟ, ಗೂಟಕ್ಕೆ ಬಿದಿರಿನ ತಟ್ಟಿ, ತಟ್ಟಿಗಳ ನಡುವೆ ಜೇಡಿಮಣ್ಣು ತುಂಬಿ ತುಳಿಯುವುದು. ಎರಡೂ ಕಡೆಯಿಂದ ಕಟ್ಟಿಕೊಂಡು ಬಂದು ನಡುವೆ ಒಂದು ಬಾಯಿ ಬಿಟ್ಟಿರುತ್ತಾರೆ. ಕೊನೆಯ ದಿನ, ನೀರು ಪೂರಾ ಇಳಿದ ಹೊತ್ತು ನೋಡಿ, ಗಂಡಸರೆಲ್ಲ ಹೊಳೆಗಿಳಿದು ಒಂದೇ ಉಸಿರಿಗೆ ಆ ಬಾಯಿ ಮುಚ್ಚಬೇಕು. ಭರತ ಏರುವುದರೊಳಗೆ ಮುಚ್ಚದಿದ್ದರೆ ಹಾಕಿದ ಮಣ್ಣೂ ಹೋಯಿತು, ಪಟ್ಟ ಪಾಡೂ ಹೋಯಿತು. ಕುದ್ರುವಿನ ಆಚೆಯ ಕವಲು ಆಚೆ ದಡದವರದ್ದು. ಅವರು ಆಗಲೇ ಕಟ್ಟಿ ಮುಗಿಸಿ ಮೀಸೆ ತಿರುವುತ್ತಿದ್ದರು.

ನಮ್ಮ ಕಡೆಯ ಗುರಿಕಾರರು ನಮ್ಮವರು, ಆಲ್ಫೋನ್ಸ್. ಜನ ಕರೆಯುವುದರಿಂದ ಹಿಡಿದು ಬಾಯಿ ಮುಚ್ಚುವವರೆಗೆ ಎಲ್ಲವೂ ಗುರಿಕಾರರ ತಲೆಯ ಮೇಲೆ. ಮಾವ ಗುರಿಕಾರರಾಗಿದ್ದ ಅಷ್ಟು ವರ್ಷ ಕಟ್ಟ ಒಡೆದದ್ದಿಲ್ಲ. ಮಾವ ತೀರಿಕೊಂಡು ಇವರ ಕೈಗೆ ಬಂದ ಮೊದಲ ವರ್ಷವೇ ಒಡೆಯಿತು, ಅರ್ಧ ಊರಿನ ಗದ್ದೆ ಉಪ್ಪಾಯಿತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಹಿಂದಿನಿಂದ ಅಂದದ್ದು ಇವರ ಕಿವಿಗೆ ಬೀಳದೆ ಇರಲಿಲ್ಲ. ಆ ವರ್ಷ ಇವರು ಪೂಜೆಗೆ ಹೋದರೆ ಇಗರ್ಜಿಯಲ್ಲಿ ಹಿಂದಿನ ಕಂಬದ ಹತ್ತಿರ ನಿಲ್ಲುತ್ತಿದ್ದರು. ಈ ವರ್ಷ ಬಾಯಿಗೆ ಹಾಕಲು ಸಾಧಾರಣ ಗೂಟ ಆಗಲಿಕ್ಕಿಲ್ಲವೆಂದು ಮಾಳದ ಶೇಖರನ ಹತ್ತಿರ ಘಟ್ಟದ ಗಟ್ಟಿ ಮರದ ಗೂಟಕ್ಕೆ ಹೇಳಿದ್ದರು. ಅದೇ ಆ ಮಾಲು.

ನಾನು ಸೆರಗು ಸಿಕ್ಕಿಸಿ ದಡಕ್ಕೆ ಓಡಿ, ಕೈ ಎತ್ತಿ ಕೂಗಿದೆ.

"ಮಾಲು ಹೊರಟಿದೆಯಂತೆ! ಶೇಖರಣ್ಣ ಹೇಳಿ ಕಳುಹಿಸಿದ್ದಾರೆ!"

ಕೆಳಗಿನಿಂದ ಕೇಕೆ ಎದ್ದಿತು. ನಮ್ಮವರು ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಬೀಸಿದರು. ಮರುಕ್ಷಣ ಎಲ್ಲರನ್ನೂ ಬಾಯಿಯ ಹತ್ತಿರಕ್ಕೆ ಕರೆದರು. ಗೂಟ ಬಂದ ಕೂಡಲೇ ಹೊಡೆಯಬೇಕಲ್ಲ, ಅಡಿಯ ಕೆಸರು ಎತ್ತಿ ಗಟ್ಟಿ ನೆಲ ಸಿಗುವವರೆಗೆ ತೋಡಿಡಬೇಕು. ದಡದಲ್ಲಿ ಮಣ್ಣು ಹೊರುತ್ತಿದ್ದವರೂ ಇಳಿದರು. ಇದ್ದಬದ್ದ ಗಂಡಸರೆಲ್ಲ ಆ ಒಂದು ಬಾಯಿಯೊಳಗೆ, ತೊಡೆಮಟ್ಟದ ನೀರಿನಲ್ಲಿ, ಬೆನ್ನು ಬಗ್ಗಿಸಿ ನಿಂತರು.

ನಾನು ಮೇಲೆ ಬಂದು ಒದ್ದೆ ಮೆಣಸು ಹೆಕ್ಕಲು ಕುಳಿತೆ. ಸಿಲ್ವೆಸ್ಟರ್ ಬೆಂಚಿನ ಮೇಲೆ ಕುಳಿತು ಚಾ ಹೀರುತ್ತಿದ್ದ. ಚಾಪೆ ಎತ್ತಿ ನೀರು ಕೊಡವಿದೆ. ಆಕಾಶ ನೋಡಿದೆ. ಒಂದು ಚೂರು ಮೋಡ ಇಲ್ಲ, ಕಡಲಿನ ಕಡೆ ನೀಲಿಯೋ ನೀಲಿ. ಒಂದು ವಾರದಿಂದ ಹನಿ ಬಿದ್ದಿಲ್ಲ. ನಿನ್ನೆ ಕಾಪುವಿನಿಂದ ಬಂದ ಮೀನಿನವಳು ಕೂಡ ಅಲ್ಲಿ ಮರಳು ಕಾಲು ಸುಡುತ್ತದೆ ಎಂದು ಗೋಳಾಡಿದ್ದಳು. ಹಾಗಾದರೆ ಈ ಬಸ್ಸಿನ ತಲೆಯ ಮೇಲೆ ಇಷ್ಟು ನೀರು ಎಲ್ಲಿಂದ ಬಂತು?

"ಸಿಲ್ವೆಸ್ಟರ್, ದಾರಿಯಲ್ಲಿ ಮಳೆಯಾ?"

"ಮಳೆಯಾ ಅಂತ ಕೇಳ್ತೀರಾ? ಅಯ್ಯೋ ಬಾಯಿ, ನಿನ್ನೆ ಸಂಜೆಯಿಂದ ಘಟ್ಟದಲ್ಲಿ ಹೊಯ್ಯುವುದು ನಿಲ್ಲಲೇ ಇಲ್ಲ. ಮಾಳದಲ್ಲಿ ನಾನು ರಾತ್ರಿ ಬಸ್ಸಿನೊಳಗೆ ಮಲಗಿದವ, ಕಣ್ಣು ಮುಚ್ಚಿದ್ದರೆ ಕೇಳಿ. ಕಾರ್ಕಳ ದಾಟುವವರೆಗೂ ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಬೈಲೂರು ಕಳೆದದ್ದೇ ಕಣ್ಣಿಗೆ ಹೊಡೆಯುವ ಬಿಸಿಲು! ಯಾರೋ ಗೆರೆ ಎಳೆದ ಹಾಗೆ, ಅಲ್ವಾ?"

"ಇಷ್ಟು ಹೊತ್ತು ಹೇಳಲಿಕ್ಕೆ ಎಂತ ಧಾಡಿ ನಿನಗೆ?"

"ನೀವು ಎಲ್ಲಿ ಬಿಟ್ಟಿರಿ? ಮೆಣಸು, ಮೆಣಸು ಅಂತ ಬೈದಿರಿ."

ನನ್ನ ಕೈಯಲ್ಲಿದ್ದ ಚಾಪೆ ಕೈಯಲ್ಲೇ ಉಳಿಯಿತು. ನನ್ನ ತವರು ಮಾಳದ ಹತ್ತಿರ. ಅಲ್ಲಿ ಬಾಗಿಲು ತೆಗೆದರೆ ಎದುರಿಗೆ ಘಟ್ಟ, ಕತ್ತೆತ್ತಿ ನೋಡಬೇಕು. ಕಲ್ಯಾಣಪುರದವರಿಗೆ ಮಳೆ ಎಂದರೆ ಪಡುದಿಕ್ಕು. ಕಡಲಿನ ಕಡೆ ಕಪ್ಪಾದರೆ ಕೊಡೆ ಹುಡುಕುತ್ತಾರೆ, ಬೆಳ್ಳಗಿದ್ದರೆ ಮೆಣಸು ಹರಡುತ್ತಾರೆ. ಜೂನು ಜುಲಾಯಿಗೆ ಅದು ಸರಿ. ಅಕ್ಟೋಬರಿನಲ್ಲಿ ಮಳೆ ತಯಾರಾಗುವುದೇ ಘಟ್ಟದಲ್ಲಿ. ಹಗಲು ಕಡಲಿನ ಗಾಳಿ ಹಸಿ ಹೊತ್ತುಕೊಂಡು ಮೂಡಕ್ಕೆ ಹೊರಡುತ್ತದೆ. ಕಾಪು, ಉಡುಪಿ, ಮಣಿಪಾಲ ಎಲ್ಲ ದಾಟುತ್ತದೆ, ದಾರಿಯಲ್ಲಿ ತಡೆಯುವವರು ಯಾರೂ ಇಲ್ಲ. ಘಟ್ಟದ ಗೋಡೆ ಅಡ್ಡ ಬಂದ ಮೇಲೆ ಎಲ್ಲಿಗೆ ಹೋಗುವುದು? ಮೇಲಕ್ಕೆ ಹತ್ತಲೇಬೇಕು. ಹತ್ತಿದ ಹಾಗೆ ತಣ್ಣಗಾಗುತ್ತದೆ, ತಣ್ಣಗಾದ ಹಾಗೆ ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಗಂಜಿಯ ಮುಚ್ಚಳದ ಅಡಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುವುದಿಲ್ಲವೇ, ಹಾಗೆ. ಕೆಲವು ಸಲ ಆ ಮೋಡ ಗುಡುಗುತ್ತಾ ಹಿಂದೆ ತಿರುಗಿ ಸಂಜೆಗೆ ಕಡಲಿನ ಕರೆಗೂ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ, ಘಟ್ಟಕ್ಕೆ ಆತುಕೊಂಡು ಕುಳಿತು ಅಲ್ಲೇ ಬರಿದಾಗುತ್ತದೆ. ಆಗ ಈ ಊರಿಗೆ ಮಳೆ ಬರುವುದಿಲ್ಲ, ಮಳೆಯ ನೀರು ಮಾತ್ರ ಬರುತ್ತದೆ.

ಹಾಗೆ ಘಟ್ಟದ ನೀರು ಒಮ್ಮೆಗೇ ನುಗ್ಗಿ ಇಳಿದರೆ ನಮ್ಮ ಕಡೆ ಹೊಳೆಬದಿಯ ಮನೆಯಿಂದ ಮನೆಗೆ ಕೂಗಿ ಹೇಳುವುದು ಒಂದೇ ಮಾತು. 'ನೆರೆ' ಎನ್ನುವುದಿಲ್ಲ, 'ನೀರು' ಎನ್ನುವುದಿಲ್ಲ. 'ಮಾಳ ಹೊರಟಿತು' ಎನ್ನುತ್ತಾರೆ. ಕೇಳಿದವರು ದನ ಬಿಚ್ಚುತ್ತಾರೆ.

"ಸಿಲ್ವೆಸ್ಟರ್," ಎಂದೆ. ನನ್ನ ಸ್ವರ ನನಗೇ ಬೇರೆಯಾಗಿ ಕೇಳಿತು. "ಶೇಖರಣ್ಣ ಎಂತ ಹೇಳಿದ್ದು? ಅವರು ಹೇಳಿದ ಹಾಗೆಯೇ ಹೇಳು."

"ಹೇಳಿದೆನಲ್ಲ, ಮಾಲು ಹೊರಟಿದೆ ಅಂತ."

"ಮಾಲು ಅಂದರಾ, ಮಾಳ ಅಂದರಾ?"

ಅವನು ಗ್ಲಾಸು ಕೆಳಗಿಟ್ಟು ತಲೆ ತುರಿಸಿದ. "ಮಾಲ... ಮಾಳ... ಹಾಗೆಯೇ ಎಂತದೋ ಬಾಯಿ. ಆ ಮಳೆಯ ಸದ್ದಿನಲ್ಲಿ ಸರಿ ಕೇಳಲಿಲ್ಲ. ಗೂಟಕ್ಕೆ ಹೇಳಿದ್ದು ನನಗೆ ಗೊತ್ತಿತ್ತಲ್ಲ, ಅದೇ ಅಂತ ತಿಳಿದೆ. ಪಾಪ, ಆ ಮಳೆಯಲ್ಲಿ ಕೊಡೆ ಕೂಡ ಇಲ್ಲದೆ ಓಡಿ ಬಂದಿದ್ದರು."

ಗೂಟ ಲಾರಿಗೆ ಹೇರಿದ್ದನ್ನು ಹೇಳಲು ಯಾರಾದರೂ ಕೊಡೆ ಬಿಟ್ಟು ಓಡಿ ಬರುತ್ತಾರೆಯೇ! ಲಾರಿ ಹೊರಟರೆ ಲಾರಿಯೇ ಬಂದು ನಿಲ್ಲುತ್ತದಲ್ಲ, ಅದಕ್ಕೆ ಮುಂಚೆ ಹೇಳಿಕೆ ಯಾಕೆ? ಅಂಗಡಿಯ ಹಿಂದಿನ ಮುರಕಲ್ಲಿನ ದಿಣ್ಣೆ ಹತ್ತಿದೆ. ಕೆಳಗಿನಿಂದ ನೋಡಿದರೆ ಮಣಿಪಾಲದ ಬೋಳುಗುಡ್ಡ ಅಡ್ಡ, ಅದರಾಚೆ ಏನೂ ಕಾಣದು. ಮೇಲಿನಿಂದ ಗುಡ್ಡದ ಎಡಗಡೆಗೆ ಮೂಡುದಿಕ್ಕು ಬಿಚ್ಚಿಕೊಂಡಿತು. ಅಲ್ಲಿ ಘಟ್ಟ ಇರಲಿಲ್ಲ. ಘಟ್ಟ ಇರಬೇಕಾದಲ್ಲಿ ಕಪ್ಪು ಗೋಡೆ, ನೆಲದಿಂದ ಆಕಾಶದವರೆಗೆ, ಅಲ್ಲಾಡದೆ ನಿಂತಿತ್ತು. ನನ್ನ ತಲೆಯ ಮೇಲೆ ಮಾತ್ರ ಸುಡುವ ಬಿಸಿಲು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

"ಮೇಲೆ ಬನ್ನಿ! ಎಲ್ಲರೂ ಮೇಲೆ ಬನ್ನಿ! ಮಾಲಲ್ಲ, ಮಾಳ! ಘಟ್ಟದ ನೀರು ಬರ್ತಾ ಉಂಟು!"

ಕೆಳಗೆ ಎಲ್ಲರೂ ತಲೆ ಎತ್ತಿದರು. ಮೊದಲು ನಕ್ಕದ್ದು ವಿಠಲ. ನಮ್ಮ ಪಕ್ಕದ ಗದ್ದೆಯವನು, ಕೆಲಸದಲ್ಲಿ ಎಷ್ಟು ಮುಂದೋ ತಮಾಷೆಯಲ್ಲಿ ಅಷ್ಟೇ ಮುಂದು.

"ಎಂತ ಬಾಯಮ್ಮ, ಆಗ ಮಾಲು ಅಂದಿರಿ, ಈಗ ಮಾಳ ಅಂತೀರಿ. ಇನ್ನೊಂದು ಗಳಿಗೆಗೆ ಮಾಲೆ ಅಂತ ಬಂದರೆ ನನ್ನ ಕುತ್ತಿಗೆಗೆ ಹಾಕಿ!"

"ನಿನ್ನ ತಮಾಷೆಗೆ ಬೆಂಕಿ ಹಾಕ! ಮೇಲೆ ಬಾ ಮೊದಲು!"

"ಬರ್ತಾ," ಎಂದು ನನ್ನ ಹೆಸರು ಹಿಡಿದು ಕರೆದರು ನಮ್ಮವರು, ಸೊಂಟಕ್ಕೆ ಕೈಯಿಟ್ಟು. ಜನರ ಎದುರಿಗೆ ಅವರು ಸ್ವರ ಏರಿಸುವವರಲ್ಲ. "ಆಕಾಶ ನೋಡು. ಎಲ್ಲಿ ಉಂಟು ಮಳೆ? ಬಿಸಿಲಿಗೆ ತಲೆ ತಿರುಗಿದರೆ ಸ್ವಲ್ಪ ಮಜ್ಜಿಗೆ ಕುಡಿ. ಹೋಗು, ಗಂಜಿ ನೋಡಿಕೊ."

"ಮಳೆ ಇಲ್ಲಿಲ್ಲ, ಘಟ್ಟದಲ್ಲಿ! ನಾನು ಆ ಕಡೆಯವಳು, ನನಗೆ ಗೊತ್ತುಂಟು. ನೀರು ನೋಡಿ. ಇಳಿಯುವ ಹೊತ್ತು ಇದು. ಇಳೀತಾ ಉಂಟಾ?"

ಎಲ್ಲರೂ ಕೆಳಗೆ ನೋಡಿದರು. ಆಗ ತೊಡೆಗೆ ಇದ್ದ ನೀರು ಈಗಲೂ ತೊಡೆಗೇ ಇತ್ತು, ಬಹುಶಃ ಎರಡು ಬೆರಳು ಮೇಲಕ್ಕೆ.

"ಭರತ ಬೇಗ ಶುರುವಾದ ಹಾಗುಂಟು," ಎಂದರು ನಮ್ಮವರು. ಅವರ ಮುಖದಲ್ಲಿ ಹೆದರಿಕೆ ಬಂತು, ಆದರೆ ಬರಬೇಕಾದ ಹೆದರಿಕೆಯಲ್ಲ. "ಬೇಗ ಬೇಗ ಮಾರಾಯರೇ! ಭರತ ಏರುವ ಮುಂಚೆ ಅಡಿ ತೋಡಿ ಮುಗಿಸುವ!"

ಎಲ್ಲರೂ ಮತ್ತೆ ಬಗ್ಗಿದರು. ಮೊದಲಿಗಿಂತ ಜೋರಾಗಿ.

ಇದು ಈ ಊರಿನವರು ಮಾತ್ರ ಮಾಡಬಲ್ಲ ತಪ್ಪು. ಇವರಿಗೆ ನೀರು ಏರಿದರೆ ಕಡಲಿನಿಂದ ಏರಬೇಕು. ಹುಟ್ಟಿದಲ್ಲಿಂದ ನೋಡಿದ್ದು ಅದನ್ನೇ. ನಾನು ದಡದಲ್ಲಿ ನಿಂತು ಅರಚಿದೆ, ಬೇಡಿದೆ, ಬೈದೆ, ಜಪಸರ ಹಿಡಿದು ಆಣೆ ಹಾಕಿದೆ. ಒಬ್ಬರೂ ತಲೆ ಎತ್ತಲಿಲ್ಲ. ಅವರ ಬಗ್ಗಿದ ಬೆನ್ನು ನೋಡಿ ನನಗೆ ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಅಷ್ಟು ಜನರ ಜೀವ ಆ ಕೆಸರಿನಲ್ಲಿ ನಿಂತಿದೆ, ನನ್ನ ಗಂಡ ಎಲ್ಲರಿಗಿಂತ ಆಳದಲ್ಲಿ ನಿಂತಿದ್ದಾರೆ, ಮತ್ತು ಇವರಿಗೆ ಕೂಗು ಕೇಳುವುದಿಲ್ಲ!

ಹಾಗಾ? ಕೂಗು ಕೇಳದವರಿಗೆ ಯಾವುದು ಕೇಳುತ್ತದೆ ಎಂದು ನನಗೆ ಗೊತ್ತಿತ್ತು.

ದಡದಲ್ಲಿ ಬಿದ್ದಿದ್ದ ಹಾರೆ ಎತ್ತಿಕೊಂಡು ಕಟ್ಟದ ಮೇಲೆ ನಡೆದೆ. ತುಳಿದು ಗಟ್ಟಿ ಮಾಡಿದ ಮಣ್ಣು, ಒಬ್ಬರು ನಡೆಯುವಷ್ಟು ಅಗಲ. ಬಾಯಿಯ ಅಂಚಿಗೆ ಹೋಗಿ ಹಾರೆಯನ್ನು ತಟ್ಟಿಯ ಹಿಂದೆ ಚುಚ್ಚಿ ಎರಡೂ ಕೈಯಿಂದ ಮೀಟಿದೆ. ಜೇಡಿಮಣ್ಣಿನ ಹೆಂಟೆ ದೊಪ್ಪೆಂದು ಅವರು ತೋಡಿದ್ದ ಹೊಂಡಕ್ಕೇ ಬಿತ್ತು. ಇನ್ನೊಂದು ಸಲ ಮೀಟಿದೆ. ತಟ್ಟಿ ಕಿತ್ತುಕೊಂಡು ಓರೆಯಾಯಿತು.

ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಗೆ ಹೊಳೆಯೇ ಕಿರುಚಿತು.

"ಕಟ್ಟ ಕಡೀತಾ ಇದ್ದಾರೆ! ಹಿಡಿಯಿರಿ! ಹಾರೆ ಕಿತ್ತುಕೊಳ್ಳಿ!"

ಗದ್ದೆಗೆ ಬೆಂಕಿ ಇಟ್ಟವರನ್ನಾದರೂ ಈ ಊರು ಕ್ಷಮಿಸೀತು, ಕಟ್ಟ ಕಡಿದವರನ್ನು ಕ್ಷಮಿಸಿದ್ದಿಲ್ಲ. ವಿಠಲ ಮೊದಲು ಹತ್ತಿದ, ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ನಾನು ಹಾರೆ ಹಿಡಿದುಕೊಂಡೇ ದಡಕ್ಕೆ ಓಡಿದೆ. ಬರಲಿ, ಎಲ್ಲರೂ ಬರಲಿ, ಹೊಡೆಯುವುದಾದರೆ ಮೇಲೆ ಬಂದು ಹೊಡೆಯಲಿ. ಅಟ್ಟಿಸಿಕೊಂಡು ಬಂದ ಅಷ್ಟೂ ಜನ ದಡದ ಮೇಲೆ ನನ್ನನ್ನು ಸುತ್ತುವರಿದರು. ವಿಠಲನ ಮುಖದಲ್ಲಿ ತಮಾಷೆ ಇರಲಿಲ್ಲ.

"ಬಾಯಮ್ಮ, ನೀವು ನಮ್ಮ ಗುರಿಕಾರ ಪೊರ್ಬುಗಳ ಹೆಂಡತಿ ಅಂತ ಸುಮ್ಮನೆ ನಿಂತಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ..." ಅವನು ಹಾರೆ ಕಿತ್ತುಕೊಂಡು ದೂರ ಎಸೆದ. "ನಮ್ಮ ಮಕ್ಕಳ ಅನ್ನ ಅದು!"

ನಾನು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ಇದ್ದರು. ನಮ್ಮವರು ಇರಲಿಲ್ಲ.

ಅವರು ಬಾಯಿಯಲ್ಲೇ ಇದ್ದರು. ನಾನು ಓರೆ ಮಾಡಿದ ತಟ್ಟಿ ಬೀಳದ ಹಾಗೆ ಅದಕ್ಕೆ ಬೆನ್ನು ಕೊಟ್ಟು, ಒಂದು ಕೈಯಿಂದ ಮಣ್ಣು ಎತ್ತಿ ಎತ್ತಿ ಬಿರುಕಿಗೆ ತುಂಬುತ್ತಿದ್ದರು. ಅಷ್ಟೂ ಜನರನ್ನು ಮೇಲೆ ತಂದ ನನ್ನ ಬುದ್ಧಿ, ಯಾರಿಗಾಗಿ ಜೀವ ಹೊಡೆದುಕೊಳ್ಳುತ್ತಿತ್ತೋ ಅವರನ್ನೇ ಅಲ್ಲಿ ಕಟ್ಟಿಹಾಕಿತ್ತು. ಹೆಂಡತಿ ಕಡಿದದ್ದನ್ನು ಗಂಡ ಮುಚ್ಚದೆ ಮೇಲೆ ಬಂದಾರೆಯೇ? ಅದನ್ನು ನಾನು ಯೋಚಿಸಿರಲಿಲ್ಲ.

"ರೀ! ಬಿಡಿ ಅದನ್ನು! ನಿಮ್ಮ ಕಾಲಿಗೆ ಬೀಳ್ತೇನೆ, ಮೇಲೆ ಬನ್ನಿ!"

ಅವರು ತಿರುಗಿಯೂ ನೋಡಲಿಲ್ಲ. ನೀರು ಅವರ ಸೊಂಟ ದಾಟಿತ್ತು. ನಮ್ಮ ಸುತ್ತ ನಿಂತವರು ಇನ್ನೂ ಬೈಯುತ್ತಿದ್ದರು. ಆಗ ವಿಠಲ "ಶ್ಶ್" ಎಂದ.

ಹೊಳೆಯ ಬಣ್ಣ ಬದಲಾಗಿತ್ತು. ಮೇಲಿನಿಂದ ಬರುವ ನೀರು ಹಾಲು ಕಮ್ಮಿ ಹಾಕಿದ ಚಾದ ಹಾಗೆ ಕೆಂಪಾಗಿತ್ತು, ಅದರ ಮೇಲೆ ಒಣಗಿದ ಎಲೆ, ನೊರೆ, ಅಡಿಕೆಯ ಹಾಳೆ. ಕಡಲಿನ ಭರತ ಹಾಳೆ ತರುವುದಿಲ್ಲ. ಅದು ಈ ಊರಿನ ಸಣ್ಣ ಮಗುವಿಗೂ ಗೊತ್ತು. ಬೇರು ಸಮೇತ ಒಂದು ಬಿದಿರಿನ ಮೆಳೆ ತಿರುಗುತ್ತಾ ಬಂದು ಕಟ್ಟಕ್ಕೆ ಬಡಿಯಿತು. ಅದರ ಹಿಂದೆ, ತಿರುವಿನಾಚೆ, ಒಂದು ಸದ್ದು. ಅಕ್ಕಿಯ ಮಿಲ್ಲು ಶುರುವಾದಾಗ ನೆಲ ಗುಂಯ್ ಎನ್ನುವುದಿಲ್ಲವೇ, ಅಂಥ ಸದ್ದು.

"ಪೊರ್ಬುಗಳೇ!" ವಿಠಲ ಅರಚಿದ. "ಬಾಯಮ್ಮ ಹೇಳಿದ್ದು ಸರಿ! ಓಡಿ ಬನ್ನಿ! ಮಾಳ! ಮಾಳ!"

ನಮ್ಮವರು ತಲೆ ಎತ್ತಿ ಮೇಲಿನ ನೀರನ್ನು ನೋಡಿದರು. ನೋಡಿದ್ದು ನನಗೆ ಸರಿಯಾಗಿ ಕಂಡಿತು. ಆದರೂ ಬೆನ್ನು ತೆಗೆಯಲಿಲ್ಲ. "ತಟ್ಟಿ ಬಿಟ್ಟರೆ ಹೋಯಿತು!" ಎಂದು ಕೂಗಿದರು. "ಬಿದಿರಿನ ಗಳು ತನ್ನಿ! ಒಂದು ಗಳು ಅಡ್ಡ ಕೊಟ್ಟರೆ ನಿಲ್ತದೆ! ಈ ವರ್ಷ ನಾನು ಬಿಡುವುದಿಲ್ಲ!"

ಹುಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ಹಿಂದಿನ ವರ್ಷ ಇಗರ್ಜಿಯ ಹಿಂದಿನ ಕಂಬಕ್ಕೆ ಒರಗಿ ನಿಂತವರು ಈ ವರ್ಷ ಆ ತಟ್ಟಿಗೆ ಒರಗಿ ಸಾಯಲು ತಯಾರಾಗಿದ್ದರು. ಗಂಡಸರು ಹಗ್ಗ, ಹಗ್ಗ ಎಂದು ಕೂಗುತ್ತಾ ಓಡಾಡಿದರು. ಮಾತಿನಿಂದ ಅವರು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ತಮ್ಮ ಜೀವದ ಆಸೆ ತೋರಿಸಿದರೂ ಬರುವುದಿಲ್ಲ. ಆ ಮನುಷ್ಯನ ಕೈಯಿಂದ ಕಟ್ಟವನ್ನು ಬಿಡಿಸಬೇಕಾದರೆ ಆ ಕೈಗೆ ಬೇರೆ ಏನನ್ನಾದರೂ ಕೊಡಬೇಕಿತ್ತು.

ನಾನು ಮತ್ತೆ ಕಟ್ಟದ ಮೇಲೆ ಓಡಿದೆ. ಕಾಲಿನಡಿ ಮಣ್ಣು ಆಗಲೇ ಮೆತ್ತಗಾಗಿ ಜಾರುತ್ತಿತ್ತು. ಹಿಂದಿನಿಂದ ವಿಠಲ ನನ್ನ ಸೆರಗು ಹಿಡಿಯಲು ನೋಡಿದ, ಸಿಗಲಿಲ್ಲ. ಈಜು ನನಗೆ ಬರುವುದಿಲ್ಲ. ಘಟ್ಟದ ಬುಡದ ಹಳ್ಳದಲ್ಲಿ ವರ್ಷದ ಹೆಚ್ಚು ದಿನ ಮೊಣಕಾಲು ನೀರು, ಅದರಲ್ಲಿ ಯಾರು ಈಜು ಕಲಿಯುತ್ತಾರೆ? ಬಾಯಿಯ ಅಂಚಿಗೆ ಬಂದು ನಿಂತೆ. ಆಗ ನನ್ನವರು ನನ್ನನ್ನು ನೋಡಿದರು. ನಾನು ಏನು ಮಾಡುತ್ತೇನೆಂದು ಅವರಿಗೆ ಗೊತ್ತಾಯಿತು.

"ಬರ್ತಾ, ಬೇಡ!"

"ಜೆಜು!" ಎಂದು ಯೇಸುವನ್ನು ಕರೆದು ಹಾರಿದೆ.

ತಣ್ಣಗೆ, ಕೆಂಪಗೆ, ಬಾಯಿ ಮೂಗಿನಲ್ಲೆಲ್ಲ ಕೆಸರು. ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ. ಸೀರೆ ಕಾಲಿಗೆ ಸುತ್ತಿಕೊಂಡಿತು. ಕೈಗೆ ಬೇಲಿಯ ಹಾಗೆ ಏನೋ ತಾಗಿ ಜಾರಿತು. ಮುಗಿಯಿತು ಎಂದುಕೊಂಡೆ. ಅವರು ಬರಲಿಕ್ಕಿಲ್ಲ, ತಟ್ಟಿಯನ್ನು ಬಿಡಲಿಕ್ಕಿಲ್ಲ ಎಂಬ ಯೋಚನೆಯೂ ಬಂತು. ನೀರು ಕುಡಿದದ್ದಕ್ಕಿಂತ ಆ ಯೋಚನೆಗೆ ಉಸಿರು ಕಟ್ಟಿತು. ಅಷ್ಟರಲ್ಲಿ ಯಾರೋ ನನ್ನ ಜಡೆ ಹಿಡಿದು ಎಳೆದರು. ತಲೆ ನೀರಿನ ಮೇಲೆ ಬಂತು. ನಮ್ಮವರ ತೋಳು ನನ್ನ ಕುತ್ತಿಗೆಯ ಅಡಿಯಲ್ಲಿತ್ತು.

ಕಟ್ಟದ ತಟ್ಟಿ ಬಿದ್ದದ್ದನ್ನು ನಾನು ನೋಡಲಿಲ್ಲ, ಕೇಳಿದೆ. ಬಾಯಿ ಹರಿದು ದೊಡ್ಡದಾಯಿತು, ನೀರು ನಮ್ಮನ್ನು ಅದರ ಮೂಲಕ ಕೆಳಗೆ ನೂಕಿತು. ವಿಠಲ ದಡದುದ್ದಕ್ಕೂ ಓಡುತ್ತಾ ಉದ್ದದ ಗಳು ಚಾಚಿದ. ಒಮ್ಮೆ ಕೈ ತಪ್ಪಿತು. ಎರಡನೆಯ ಸಲ ನಮ್ಮವರು ಗಳು ಹಿಡಿದರು, ಇನ್ನೊಂದು ಕೈಯಲ್ಲಿ ನಾನು. ದಡದ ಮೇಲೆ ಒಬ್ಬರ ಸೊಂಟ ಒಬ್ಬರು ಹಿಡಿದು ಸಾಲಾಗಿ ನಿಂತು ಎಳೆದರು. ಸಿಲ್ವೆಸ್ಟರ್ ಕೂಡ ಆ ಸಾಲಿನಲ್ಲಿದ್ದ, ಹೆಗಲಿನ ಚರ್ಮದ ಚೀಲ ಸಮೇತ, ದೇವರನ್ನೂ ಶೇಖರಣ್ಣನನ್ನೂ ಒಟ್ಟಿಗೆ ಕರೆಯುತ್ತಾ.

ನಾವು ಹುಲ್ಲಿನ ಮೇಲೆ ಬಿದ್ದ ಮೇಲೆ ಬಂತು ಮಾಳ. ತಿರುವಿನಿಂದ ಆಳೆತ್ತರದ ಕೆಂಪು ನೀರು, ಮರದ ದಿಮ್ಮಿ, ಯಾರದ್ದೋ ಹುಲ್ಲಿನ ಮಾಡು, ಎಲ್ಲ ಒಟ್ಟಿಗೆ. ಕಟ್ಟ ಇತ್ತು, ಆಮೇಲೆ ಇರಲಿಲ್ಲ. ಆಚೆ ದಡದವರದ್ದೂ ಹೋಯಿತು. ಒಬ್ಬೊಬ್ಬರೂ ತಾವು ಬಗ್ಗಿ ನಿಂತಿದ್ದ ಜಾಗವನ್ನು ನೋಡುತ್ತಿದ್ದರು. ಅಲ್ಲಿ ಈಗ ನೀರು ಗಿರಗಿರನೆ ಸುತ್ತುತ್ತಿತ್ತು. ಮೇಲೆ ಅದೇ ನೀಲಿ ಆಕಾಶ, ಅದೇ ಬಿಸಿಲು.

ನಮ್ಮವರು ಕೆಮ್ಮಿ ಕೆಮ್ಮಿ ನೀರು ಕಾರಿ ನನ್ನ ಕಡೆ ತಿರುಗಿದರು. ಮುಖ ಕಾಣದಷ್ಟು ಕೆಸರು. ನಾನು ಅವರ ಕೈಯ ಪೆಟ್ಟಿಗೆ ಕಾಯುತ್ತಾ ಕುಳಿತೆ. ಕಡಿದದ್ದು ನಾನೇ ಅಲ್ಲವೇ.

"ನಿನಗೆ ಈಜಲಿಕ್ಕೆ ಬರುವುದಿಲ್ಲ," ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು. "ಎಂತಕ್ಕೆ ಹಾರಿದ್ದು? ಹೇಳು, ಎಂತಕ್ಕೆ ಹಾರಿದ್ದು ನೀನು?"

"ನೀವು ಮೇಲೆ ಬರಲಿಲ್ಲವಲ್ಲ," ಎಂದೆ.

ಅಷ್ಟು ದೊಡ್ಡ ಮನುಷ್ಯ, ಊರಿನ ಗುರಿಕಾರ, ಹುಲ್ಲಿನ ಮೇಲೆ ಕುಳಿತು ಗೋಳೋ ಎಂದು ಅತ್ತರು. ಕಟ್ಟ ಹೋದದ್ದಕ್ಕೆ ಅಳುತ್ತಿದ್ದಾರೆ ಎಂದು ವಿಠಲ ತಿಳಿದ. ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕುಳಿತು, "ಹೋಗಲಿ ಬಿಡಿ ಪೊರ್ಬುಗಳೇ, ನೀರು ಇಳಿಯಲಿ, ಇನ್ನೊಂದು ಕಟ್ಟುವ," ಎಂದ. ಅವರು ಹೌದೆಂದು ತಲೆ ಅಲ್ಲಾಡಿಸಿದರು. ನನ್ನ ಕೈ ಮಾತ್ರ ಬಿಡಲಿಲ್ಲ. ಅಷ್ಟು ಜನರ ಎದುರಿಗೆ ಅವರು ನನ್ನ ಕೈ ಹಿಡಿದದ್ದು, ಇಗರ್ಜಿಯಲ್ಲಿ ಮದುವೆಯ ದಿನ ಬಿಟ್ಟರೆ, ಅವತ್ತೇ.